ಕಲ್ಯಾಣದಿಂದ ಘಟ್ಟಕ್ಕೆ: ಮುರಬಾಡದ ಹೆದ್ದಾರಿಯೂ ಅದರ ನಡುವಣ ಹಳ್ಳಿಗಳೂ

ಪುಣೆ ಜಿಲ್ಲೆಯ ಜುನ್ನರದ ಸಮೀಪದಲ್ಲಿ ಲೇಣ್ಯಾದ್ರಿಯೆಂಬ ಬೆಟ್ಟವಿದೆ. ಅಲ್ಲಿ ಕೊರೆದಿರುವ ಬೌದ್ಧ ಗುಹೆಗಳಲ್ಲಿ ಆರನೆಯದೆಂದು ಎಣಿಸಲ್ಪಟ್ಟಿರುವ ಚೈತ್ಯಗೃಹದಲ್ಲಿ ಒಂದು ಪುಟ್ಟ ಪ್ರಾಕೃತ ಶಾಸನವುಂಟು. ಕಲ್ಯಾಣದ ಹೇರಣಿಕನ ಮಗನಾದ ಸುಲಸದತ್ತನು ಈ ಚೈತ್ಯವನ್ನು ಮಾಡಿಸಿಕೊಟ್ಟನೆಂಬುದು ಅದರ ತಾತ್ಪರ್ಯ. 'ಹೇರಣಿಕ' ಎಂಬುದು ಹಿರಣ್ಯಶಬ್ದದಿಂದ ಬಂದುದು. ಅಕ್ಕಸಾಲಿಗನೆಂದೂ ಕೋಶಾಧಿಕಾರಿಯೆಂದೂ ಅದಕ್ಕೆ ಅರ್ಥ ಹೇಳುತ್ತಾರೆ. ಯಾವ ಅರ್ಥವನ್ನು ಹಿಡಿದರೂ ಒಂದು ಮಾತು ಸ್ಪಷ್ಟ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕಡಲ ತೀರದ ಕಲ್ಯಾಣದಲ್ಲಿ ಮನೆಯುಳ್ಳವನೊಬ್ಬನು ಘಟ್ಟದ ಮೇಲಣ ಜುನ್ನರದಲ್ಲಿ ಹಣ ವ್ಯಯಮಾಡಿ ಪುಣ್ಯವನ್ನು ಸಂಪಾದಿಸಿಕೊಂಡನು. ಕಲ್ಯಾಣಕ್ಕೆ ಜುನ್ನರವು ಹೆಚ್ಚುಕಡಿಮೆ ನೇರ ಪೂರ್ವದಲ್ಲಿದೆ. ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ಆ ಗೋಡೆಯನ್ನು ದಾಟುತ್ತಿದ್ದ ದಾರಿಯ ವಾರಸುದಾರನೇ ಇಂದು ಕಲ್ಯಾಣದಿಂದ ಮುರಬಾಡದ ಮೇಲೆ ಮಾಳಶೇಜ ಘಟ್ಟವನ್ನೇರಿ ಅಹಮದನಗರಕ್ಕೆ ಹೋಗುವ ಹೆದ್ದಾರಿ.

ಕನ್ನಡಿಗರಿಗೆ ಕಲ್ಯಾಣವೆಂದೊಡನೆ ನೆನಪಾಗುವುದು ಬೀದರ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯ ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನಾಗಿ ಮಾಡಿಕೊಂಡ ಆ ಊರೂ ಠಾಣೆ ಜಿಲ್ಲೆಯ ಈ ಕಲ್ಯಾಣವೂ ಬೇರೆ ಬೇರೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕಲ್ಯಾಣವು ಉಲ್ಹಾಸ ನದಿಯ ಅಳಿವೆಯ ಮೇಲಿರುವ ಪ್ರಾಚೀನ ಬಂದರು. ಕಾನ್ಹೇರಿಯ ಗುಹೆಗಳಲ್ಲಿಯೂ ಕಲ್ಯಾಣದ ಅಕ್ಕಸಾಲಿಗರು, ಕಮ್ಮಾರರು, ವರ್ತಕರು ಕೊಟ್ಟ ದಾನಗಳ ಶಾಸನಗಳಿವೆ. ಡೊಂಬಿವಲಿ ಕಲ್ಯಾಣಗಳಲ್ಲಿ ನೆಲೆಸಿರುವ ಇಂದಿನ ಕನ್ನಡಿಗರಿಗೆ ಊರಿನ ದಾರಿಯೆಂದರೆ ರೈಲಿನ ದಾರಿ. ಕಲ್ಯಾಣ ಜಂಕ್ಷನ್ನಿನಿಂದ ಆಗ್ನೇಯಕ್ಕೆ ತಿರುಗಿ ಪುಣೆ ಸೊಲ್ಲಾಪುರಗಳ ಕಡೆಗೆ ಓಡುವ ಹಳಿಗಳನ್ನು ಅವರು ಬಲ್ಲರು. ಶಹಾಡದ ಸೇತುವೆಯನ್ನಿಳಿದು ಪೂರ್ವಕ್ಕೆ ಹೋಗುವ ರಸ್ತೆಯ ಪರಿಚಯ ಅವರಲ್ಲಿ ಹಲವರಿಗೆ ಇರಲಾರದು. ಆದರೆ ಕನ್ನಡದ ಇತಿಹಾಸಕ್ಕೂ ಆ ರಸ್ತೆಗೂ ಇರುವ ನಂಟು ಚಿಕ್ಕದಲ್ಲ.

ಮೊದಲು ದಾರಿಯ ರೂಪವನ್ನು ನೋಡಬಹುದು. ಕಲ್ಯಾಣದಿಂದ ಹೊರಟ ರಸ್ತೆ ಶಹಾಡದ ಕಾರ್ಖಾನೆಗಳನ್ನೂ ಉಲ್ಹಾಸನಗರದ ಅಂಚನ್ನೂ ಸವರಿಕೊಂಡು ಮ್ಹಾರಳ, ವರಪ, ಕಾಂಬಾ ಎಂಬ ಊರುಗಳನ್ನು ದಾಟುತ್ತದೆ. ಇವು ಹೆಸರಿಗೆ ಹಳ್ಳಿಗಳು, ನೋಟಕ್ಕೆ ಪಟ್ಟಣದ ಬಾಲಗಳು. ರಾಯತೆಯಲ್ಲಿ ಉಲ್ಹಾಸ ನದಿಯ ಮೇಲಣ ಸೇತುವೆ ಬರುತ್ತದೆ. ಅದನ್ನು ದಾಟಿದ ಮೇಲೆ ನಿಜವಾದ ಹಳ್ಳಿಗಾಡು ಆರಂಭವಾಗುತ್ತದೆ. ಗೋವೇಲಿಯನ್ನು ಕಳೆದು ಸುಮಾರು 30 ಕಿಲೋಮೀಟರುಗಳ ಕೊನೆಗೆ ತಾಲ್ಲೂಕಿನ ಕೇಂದ್ರವಾದ ಮುರಬಾಡ ಸಿಕ್ಕುತ್ತದೆ. ಅಲ್ಲಿಂದ ಮುಂದೆ ಸರಳಗಾಂವ, ಟೋಕಾವಡೆ, ವೈಶಾಖರೆ, ಮೋರೋಶಿ. ಇಕ್ಕೆಲಗಳಲ್ಲಿ ಬತ್ತದ ಗದ್ದೆಗಳು, ಸಾಗುವಾನಿಯ ಕಾಡು, ಎದುರಿಗೆ ಬರಬರುತ್ತ ಎತ್ತರವಾಗುವ ಸಹ್ಯಾದ್ರಿಯ ಕಪ್ಪು ಗೋಡೆ. ಬಹುಕಾಲ ರಾಜ್ಯದ ರಸ್ತೆಯಾಗಿದ್ದ ಇದು ಅನಂತರ ರಾಷ್ಟ್ರೀಯ ಹೆದ್ದಾರಿ 222 ಎಂದು ಕರೆಯಲ್ಪಟ್ಟು, ಕಲ್ಯಾಣದಿಂದ ತೆಲಂಗಾಣದ ನಿರ್ಮಲದವರೆಗೆ 600 ಕಿಲೋಮೀಟರುಗಳಿಗೂ ಮಿಕ್ಕಿದ ಮಾರ್ಗದ ಮೊದಲ ಭಾಗವಾಯಿತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದಾಗ ಇದಕ್ಕೆ 61 ಎಂಬ ಅಂಕ ಬಂದಿತು.

ಈ ಮೋಟಾರು ರಸ್ತೆ ಮಾಳಶೇಜ ಘಟ್ಟವನ್ನೇರುತ್ತದೆ. ಹಳೆಯ ದಾರಿ ಹಾಗಿರಲಿಲ್ಲ. ಅದು ವೈಶಾಖರೆಯ ಬಳಿ ಬಲಕ್ಕೆ ತಿರುಗಿ ನಾಣೇಘಾಟವೆಂಬ ಕಿರುಕಣಿವೆಯ ಮೂಲಕ ಘಟ್ಟವನ್ನು ಹತ್ತಿ, ಘಾಟಘರದ ಮೇಲೆ ಜುನ್ನರಕ್ಕೆ ಇಳಿಯುತ್ತಿತ್ತು. ಮರಾಠಿಯಲ್ಲಿ 'ನಾಣೆ' ಎಂದರೆ ನಾಣ್ಯ. ಕನ್ನಡಿಗರಿಗೆ ಈ ಹೆಸರಿನ ವ್ಯಾಖ್ಯಾನ ಬೇಕಾಗಿಲ್ಲ. ಕಣಿವೆಯ ತಲೆಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡದೊಂದು ಹರವಿಯಿದೆ. ಇದನ್ನು ಅಲ್ಲಿಯ ಜನ ರಾಂಜಣ ಎನ್ನುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ನೀರು ತುಂಬಿಡುವ ರಂಜಣಿಗೆಯ ಹೆಸರೇ ಇದು. ಘಟ್ಟ ದಾಟುವ ವರ್ತಕರು ಸುಂಕದ ನಾಣ್ಯಗಳನ್ನು ಇದರಲ್ಲಿ ಹಾಕಿ ಹೋಗುತ್ತಿದ್ದರೆಂದು ಐತಿಹ್ಯ. ಇದಕ್ಕೆ ಶಾಸನದ ಆಧಾರವಿಲ್ಲ. ಹರವಿಯು ನೀರಿಗಾಗಿಯೇ ಇದ್ದಿರಲೂಬಹುದು. ಆದರೆ ಇಷ್ಟು ಇಕ್ಕಟ್ಟಾದ ಕಣಿವೆಯಲ್ಲಿ ಒಬ್ಬ ಕಾವಲುಗಾರನು ಕುಳಿತರೆ ಸುಂಕ ತಪ್ಪಿಸಿಕೊಂಡು ಹೋಗುವುದು ಅಸಾಧ್ಯವೆಂಬುದನ್ನು ಸ್ಥಳವನ್ನು ಕಂಡವರೆಲ್ಲ ಒಪ್ಪುವರು.

ಕಣಿವೆಯ ಪಕ್ಕದ ಗುಹೆಯಲ್ಲಿರುವ ಶಾಸನವಾದರೋ ಜಗತ್ಪ್ರಸಿದ್ಧವಾದುದು. ಇದನ್ನು 1828ರಲ್ಲಿ ಕರ್ನಲ್ ಸೈಕ್ಸ್ ಗಮನಿಸಿದನು. ಪಂಡಿತ ಭಗವಾನಲಾಲ ಇಂದ್ರಜಿಯವರು ಇದರ ಅಂಕೆಗಳನ್ನು ಕುರಿತು ಬರೆದರು; 1883ರಲ್ಲಿ ಬ್ಯೂಲರನು ಪಾಠವನ್ನು ಪ್ರಕಟಿಸಿದನು. ಸಾತವಾಹನ ಒಂದನೆಯ ಶಾತಕರ್ಣಿಯ ರಾಣಿ ನಾಗನಿಕೆಗೆ ಸಂಬಂಧಿಸಿದ ಈ ಶಾಸನವು ಸಾಮಾನ್ಯವಾಗಿ ಕ್ರಿಸ್ತಪೂರ್ವ ಒಂದನೆಯ ಶತಮಾನದ್ದೆಂದು ಗಣಿಸಲ್ಪಟ್ಟಿದೆ. ಇಂದ್ರ, ಸಂಕರ್ಷಣ, ವಾಸುದೇವ, ಚಂದ್ರ, ಸೂರ್ಯ, ಲೋಕಪಾಲಕರು ಇವರಿಗೆ ನಮಿಸಿ, ರಾಜದಂಪತಿಗಳು ನೆರವೇರಿಸಿದ ಅಶ್ವಮೇಧ ರಾಜಸೂಯಾದಿ ಯಜ್ಞಗಳನ್ನೂ, ದಕ್ಷಿಣೆಯಾಗಿ ಕೊಟ್ಟ ಸಾವಿರಗಟ್ಟಲೆ ಹಸುಗಳು, ಕುದುರೆಗಳು, ಕಾರ್ಷಾಪಣಗಳನ್ನೂ ಅದು ಎಣಿಸಿ ಹೇಳುತ್ತದೆ. ಭಾರತೀಯ ಅಂಕೆಗಳ ಅತ್ಯಂತ ಹಳೆಯ ರೂಪಗಳಲ್ಲಿ ಕೆಲವು ದೊರೆತಿರುವುದು ಇಲ್ಲಿಯೇ. ಹಿಂಬದಿಯ ಗೋಡೆಯಲ್ಲಿ ಸಿಮುಕನಿಂದ ಮೊದಲಾಗಿ ರಾಜಮನೆತನದವರ ಉಬ್ಬುಚಿತ್ರಗಳಿದ್ದವು. ಈಗ ಮೇಲಣ ಹೆಸರುಗಳೂ ಕೆಳಗೆ ಕೆಲವು ಪಾದಗಳ ಗುರುತುಗಳೂ ಮಾತ್ರ ಉಳಿದಿವೆ.

ಉಳಿದಿರುವ ಶಾಸನಭಾಗದಲ್ಲಿ ದಾರಿಯ ಮಾತಿಲ್ಲ, ಸುಂಕದ ಮಾತೂ ಇಲ್ಲ. ಆದರೂ ಯಜ್ಞಗಳ ಈ ಪಟ್ಟಿಯನ್ನು ರಾಜಧಾನಿಯಲ್ಲಿ ಬರೆಯಿಸದೆ ಘಟ್ಟದ ತಲೆಯ ಮೇಲೆ ಬರೆಯಿಸಿದುದೇಕೆ? ಹಾದುಹೋಗುವವರೆಲ್ಲರೂ ಓದಲಿ, ಇಲ್ಲವೆ ಓದಬಲ್ಲವರಿಂದ ಕೇಳಲಿ ಎಂಬುದಲ್ಲದೆ ಬೇರೆ ಕಾರಣ ತೋರುವುದಿಲ್ಲ. ದಾರಿಯು ಅರಸರ ಕೀರ್ತಿಯನ್ನು ಸಾರುವ ಸ್ಥಳವಾಗಿತ್ತು. ಇದೇ ಕಣಿವೆಯಲ್ಲಿ ಇನ್ನೊಂದು ಚಿಕ್ಕ ಶಾಸನವೂ ಇದೆ. ವಾಸಿಷ್ಠೀಪುತ್ರ ಚತರಪಣ ಶಾತಕರ್ಣಿಯ ಹದಿಮೂರನೆಯ ವರ್ಷದಲ್ಲಿ ಕಾಮವನದ ದಾಮಘೋಷನೆಂಬ ಗೃಹಸ್ಥನು ಒಂದು ನೀರಿನ ತೊಟ್ಟಿಯನ್ನು ದಾನಮಾಡಿದನೆಂದು ಅದು ಹೇಳುತ್ತದೆ. ನಾಗನಿಕೆಯ ಶಾಸನವನ್ನು ಕುರಿತು ಗ್ರಂಥಗಳೇ ಹುಟ್ಟಿರುವಾಗ ದಾಮಘೋಷನ ತೊಟ್ಟಿಯ ಕಡೆಗೆ ಲಕ್ಷ್ಯ ಹೋದುದು ಕಡಿಮೆ. ಹೊರೆ ಹೊತ್ತು ಘಟ್ಟವೇರಿ ಬಂದವನಿಗೆ ಮಾತ್ರ ಯಾವ ದಾನವು ದೊಡ್ಡದೆಂದು ತೋರಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ದಾರಿಯ ಭಾಗ್ಯವು ಬಂದರಿನ ಭಾಗ್ಯವನ್ನು ಅವಲಂಬಿಸಿತ್ತು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ 'ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಕಲ್ಯಾಣದ ಹೆಸರು ಬರುತ್ತದೆ. ಹಿರಿಯ ಸರಗನಸನ ಕಾಲದಲ್ಲಿ ಇದು ನ್ಯಾಯಬದ್ಧವಾದ ವ್ಯಾಪಾರದ ಪಟ್ಟಣವಾಗಿದ್ದಿತು; ಸಂದನೆಸನು ಇದನ್ನು ವಶಪಡಿಸಿಕೊಂಡ ಮೇಲೆ ಬಹಳ ಅಡ್ಡಿಯುಂಟಾಯಿತು; ಅಕಸ್ಮಾತ್ತಾಗಿ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರುಗಜಕ್ಕೆ, ಎಂದರೆ ಭಡೋಚಕ್ಕೆ, ಸಾಗಿಸುತ್ತಾರೆ ಎಂದು ಆ ಗ್ರಂಥಕಾರನು ಹೇಳುತ್ತಾನೆ. ಸರಗನಸನು ಶಾತಕರ್ಣಿಗಳಲ್ಲೊಬ್ಬನೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಸಂದನೆಸನು ಯಾರೆಂಬುದರಲ್ಲಿ ಏಕಮತವಿಲ್ಲ. ಪೈಠಣ ಮತ್ತು ತಗರಗಳ ಸರಕುಗಳು ದಾರಿಯಿಲ್ಲದ ನೆಲಗಳ ಮೇಲೆ ಬಂಡಿಗಳಲ್ಲಿ ದೂರದ ಭಡೋಚಕ್ಕೆ ಹೋಗುತ್ತಿದ್ದುವೆಂದೂ ಅದರಲ್ಲಿ ಉಕ್ತವಾಗಿದೆ. ಹತ್ತಿರದ ಕಲ್ಯಾಣವನ್ನು ಬಿಟ್ಟು ವರ್ತಕರು ಇಷ್ಟು ಸುತ್ತಬೇಕಾದುದು ನೆಲದ ದೋಷದಿಂದಲ್ಲ, ಅರಸರ ಕಲಹದಿಂದ. ಘಟ್ಟ ಹಾಗೆಯೇ ಇದ್ದಿತು, ಕಣಿವೆ ಹಾಗೆಯೇ ಇದ್ದಿತು. ಕೆಳಗಣ ಬಂದರಿನ ಬಾಗಿಲು ಮುಚ್ಚಿದೊಡನೆ ಮೇಲಣ ದಾರಿ ಬಡವಾಯಿತು. ಆರನೆಯ ಶತಮಾನದ ಕಾಸ್ಮಸನು ಕಲ್ಯಾಣವನ್ನು ಮತ್ತೆ ದೊಡ್ಡ ಬಂದರುಗಳ ಸಾಲಿನಲ್ಲಿ ಹೇಳಿರುವುದರಿಂದ ಆ ದುರ್ದೆಸೆ ಶಾಶ್ವತವಾಗಿರಲಿಲ್ಲವೆಂದು ತಿಳಿದುಬರುತ್ತದೆ.

ಇಲ್ಲಿ ತಗರವೆಂಬ ಹೆಸರು ಕನ್ನಡಿಗರಿಗೆ ಮುಖ್ಯವಾದುದು. ಈ ತಗರವು ಎಲ್ಲಿದ್ದಿತೆಂಬ ಬಗ್ಗೆ ಬಹುಕಾಲ ಚರ್ಚೆ ನಡೆದು, 1901ರಲ್ಲಿ ಫ್ಲೀಟನು ಇದು ಇಂದಿನ ಧಾರಾಶಿವ ಜಿಲ್ಲೆಯ ತೇರ ಎಂಬ ಊರೆಂದು ಸ್ಥಾಪಿಸಿದನು. ಕಲ್ಯಾಣ ಮತ್ತು ಠಾಣೆಗಳನ್ನೊಳಗೊಂಡ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ತಮ್ಮನ್ನು 'ತಗರಪುರವರಾಧೀಶ್ವರ'ರೆಂದು ಕರೆದುಕೊಂಡರು. ಮೊದಲು ಅವರು ರಾಷ್ಟ್ರಕೂಟರ ಸಾಮಂತರು. ಅಮೋಘವರ್ಷ ನೃಪತುಂಗನ ಕಾಲದ ಕಾನ್ಹೇರಿ ಶಾಸನಗಳಲ್ಲಿ ಪುಲ್ಲಶಕ್ತಿ ಮತ್ತು ಕಪರ್ದಿ ಎಂಬ ಶಿಲಾಹಾರ ಅರಸರು ಕಂಡುಬರುತ್ತಾರೆ; ಎಂದರೆ 'ಕವಿರಾಜಮಾರ್ಗ'ದ ಕಾಲದಲ್ಲಿ ಈ ಕಡಲತೀರವು ಮಾನ್ಯಖೇಟದ ಆಳ್ವಿಕೆಗೆ ಒಳಪಟ್ಟಿದ್ದಿತು. ಅವರ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ ಬಿರುದುಗಳಲ್ಲಿ 'ಮಲಗಲಗಂಡ', 'ನನ್ನಿಸಮುದ್ರ' ಮೊದಲಾದ ಕನ್ನಡ ಮಾತುಗಳಿವೆ. 'ನನ್ನಿ' ಎಂಬ ಹಳಗನ್ನಡ ಶಬ್ದವನ್ನು ಠಾಣೆಯ ಆಸ್ಥಾನದಲ್ಲಿ ಬಿರುದಾಗಿ ಓದಿಸಿಕೊಂಡ ಅರಸರ ಮೂಲವು ಕನ್ನಡನಾಡಿನ ಅಂಚಿನಲ್ಲಿದ್ದಿತೆಂದು ಹಲವು ವಿದ್ವಾಂಸರು ಊಹಿಸಿರುವುದು ಸಹಜವೇ. ಕಲ್ಯಾಣದ ಪಕ್ಕದಲ್ಲಿಯೇ ಇರುವ ಅಂಬರನಾಥದ ಶಿವಾಲಯವು ಇದೇ ವಂಶದ ಮಾಮ್ವಾಣಿಯ ಕಾಲದ್ದು. ಅಲ್ಲಿಯ ಶಾಸನ ಶಕವರ್ಷ 982ರದು, ಎಂದರೆ ಕ್ರಿಸ್ತಶಕ 1060. ತಗರದ ಮೂಲವನ್ನು ಹೇಳಿಕೊಳ್ಳುವ ಮನೆತನವು ಕೊಂಕಣಕ್ಕೆ ಯಾವ ದಾರಿಯಿಂದ ಬಂದಿತೆಂದು ಯಾವ ಶಾಸನವೂ ಹೇಳುವುದಿಲ್ಲ. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ತೇರದಿಂದ ಕೊಂಕಣಕ್ಕೆ ಬರುವ ಸಹಜ ಮಾರ್ಗಗಳಲ್ಲಿ ಜುನ್ನರದ ಮೇಲಣ ಈ ಮಾರ್ಗವೂ ಒಂದೆಂಬುದು ಮಾತ್ರ ಕಾಣುತ್ತದೆ. ಅದಕ್ಕಿಂತ ಹೆಚ್ಚು ಹೇಳುವುದು ಅಭಿಮಾನದ ಮಾತಾದೀತು, ಸಂಶೋಧನೆಯ ಮಾತಾಗದು.

ಮುಂದಣ ಶತಮಾನಗಳಲ್ಲಿ ಕಣಿವೆಯನ್ನು ಕಾಯಲು ಜೀವಧನ, ಚಾವಂಡ, ಹಡಸರ ಮೊದಲಾದ ಕೋಟೆಗಳು ಘಟ್ಟದ ಮೇಲೆ ನಿಂತವು. ಶಿವಾಜಿ ಮಹಾರಾಜರು ಹುಟ್ಟಿದ ಶಿವನೇರಿಯು ಜುನ್ನರವನ್ನು ನೋಡುವ ಕೋಟೆ. ಅವರು ಕಲ್ಯಾಣವನ್ನು ಕೈವಶಮಾಡಿಕೊಂಡುದು 1657ರಲ್ಲಿ. ಕಡಲ ಉಪ್ಪು ಎತ್ತುಗಳ ಬೆನ್ನಮೇಲೆ ಘಟ್ಟಕ್ಕೇರುವುದೂ ಘಟ್ಟದ ಧಾನ್ಯ ಕೆಳಗಿಳಿಯುವುದೂ ನಡೆದೇ ಇದ್ದಿತು.

ಈ ಸ್ಥಿತಿಯನ್ನು ಬದಲಿಸಿದುದು ಚಕ್ರ. ಹೇರೆತ್ತು ಹತ್ತಬಲ್ಲ ಕಡಿದಾದ ಮೆಟ್ಟಿಲುಗಳನ್ನು ಬಂಡಿ ಹತ್ತಲಾರದು. ಗವರ್ನರ್ ಮಾಲ್ಕಮನ ಕಾಲದಲ್ಲಿ, 1830ರಲ್ಲಿ, ಬೋರಘಾಟದಲ್ಲಿ ಬಂಡಿಯ ರಸ್ತೆ ತೆರೆದೊಡನೆ ಪುಣೆಯ ಕಡೆಯ ವ್ಯಾಪಾರ ಅತ್ತ ಹರಿಯಿತು. ರೈಲ್ವೆಯ ಮೊದಲ ಯೋಜನೆಗಳಲ್ಲಿ ಮಾಳಶೇಜ ಘಟ್ಟದ ಹೆಸರೂ ಇದ್ದಿತೆಂಬುದು ಇಂದು ಮರೆತುಹೋಗಿದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಇಂಜಿನಿಯರನಾದ ಬರ್ಕ್ಲಿಯು ಬೆಟ್ಟಗಳನ್ನು ಅಳೆದು ನೋಡಿ, ಮಾಳಶೇಜವನ್ನು ಬಿಟ್ಟು, ಬೋರಘಾಟ ಮತ್ತು ಥಳಘಾಟಗಳನ್ನು ಆರಿಸಿದನು. 1854ರ ಮೇ 1ರಂದು ರೈಲು ಕಲ್ಯಾಣಕ್ಕೆ ಬಂದಿತು. 1863ರಲ್ಲಿ ಬೋರಘಾಟವನ್ನೂ 1865ರಲ್ಲಿ ಥಳಘಾಟವನ್ನೂ ಹತ್ತಿತು. ಕಲ್ಯಾಣದಿಂದ ಒಂದು ಕವಲು ಆಗ್ನೇಯಕ್ಕೆ, ಇನ್ನೊಂದು ಈಶಾನ್ಯಕ್ಕೆ ಹೋಯಿತು. ಎರಡು ಸಾವಿರ ವರ್ಷ ಜನ ನಡೆದ ನೇರ ಪೂರ್ವದ ದಿಕ್ಕು ಎರಡು ಕವಲುಗಳ ನಡುವೆ ಖಾಲಿ ಉಳಿಯಿತು. ಕಲ್ಯಾಣ ಜಂಕ್ಷನ್ನಾಯಿತು, ಮುರಬಾಡ ಮೂಲೆಯಾಯಿತು. ಕಲ್ಯಾಣದಿಂದ ಮುರಬಾಡಕ್ಕೆ ರೈಲು ಬೇಕೆಂಬ ಬೇಡಿಕೆ ಹಲವು ದಶಕಗಳದು. ಅದರ ಹಿಂದಿರುವುದು ಈ ಕವಲೊಡೆತದ ಕಥೆ.

ಮೂಲೆಯಾಯಿತೆಂದ ಮಾತ್ರಕ್ಕೆ ನಿರ್ಜೀವವಾಯಿತೆಂದಲ್ಲ. ಮುರಬಾಡ ತಾಲ್ಲೂಕಿನ ಮ್ಹಸಾದಲ್ಲಿ ಪುಷ್ಯದ ಹುಣ್ಣಿಮೆಗೆ ಸೇರುವ ಜಾತ್ರೆಯು ದನಗಳ ವ್ಯಾಪಾರಕ್ಕೆ ಹೆಸರಾದುದು; ಘಟ್ಟದ ಮೇಲಿನವರೂ ಕೆಳಗಿನವರೂ ಅಲ್ಲಿ ಕೂಡುತ್ತಾರೆ. ದಾರಿಯಿಂದ ದೂರವಿರುವುದೇ ಒಮ್ಮೆ ಈ ಕಾಡಿನ ಶಕ್ತಿಯೂ ಆಯಿತು. 1942ರ ಚಳುವಳಿಯಲ್ಲಿ ವಿದ್ಯುತ್ತಿನ ಕಂಬಗಳನ್ನು ಕೆಡವಿ ಸರ್ಕಾರವನ್ನು ಕಂಗೆಡಿಸಿದ ಭಾಯಿ ಕೋತವಾಲರ ಆಜಾದ ದಸ್ತೆ ಆಶ್ರಯ ಪಡೆದುದು ಮುರಬಾಡದ ಸಿದ್ಧಗಡದ ಕಾಡಿನಲ್ಲಿ. 1943ರ ಜನವರಿ 2ರಂದು ಪೋಲೀಸರ ಗುಂಡಿಗೆ ಕೋತವಾಲರೂ ಅವರ ಸಂಗಡಿಗ ಹಿರಾಜಿ ಪಾಟೀಲರೂ ಅಲ್ಲಿಯೇ ಬಲಿಯಾದರು.

ಹಳ್ಳಿಗಳಲ್ಲಿ ಆಗರಿ ಮತ್ತು ಕುಣಬಿ ಒಕ್ಕಲಿಗರು, ಠಾಕೂರ, ಮಹಾದೇವ ಕೋಳಿ, ಕಾತಕರಿ ಮೊದಲಾದ ಆದಿವಾಸಿಗಳು ನೆಲೆಸಿದ್ದಾರೆ. ಕಾತಕರಿಗಳ ಹೆಸರು ಬಂದುದು ಕಗ್ಗಲಿ ಮರದಿಂದ ಕಾಚು ತೆಗೆಯುವ ಕಸಬಿನಿಂದ. ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾದಂತೆ ಆ ಕಸಬು ಅಳಿಯಿತು. ಅವರಲ್ಲಿ ಬಹುಮಂದಿ ಬತ್ತದ ಕೊಯ್ಲು ಮುಗಿದೊಡನೆ ಮುಂಗಡ ಹಣ ಪಡೆದು ಇಟ್ಟಿಗೆಯ ಭಟ್ಟಿಗಳಿಗೆ ಸಂಸಾರಸಮೇತ ಹೋಗತೊಡಗಿದರು. ಕಲ್ಯಾಣ, ಡೊಂಬಿವಲಿ, ಭಿವಂಡಿಗಳ ಮನೆಗಳ ಗೋಡೆಗಳಲ್ಲಿ ಈ ದಾರಿಯಲ್ಲಿ ಬಂದವರು ಸುಟ್ಟ ಇಟ್ಟಿಗೆಗಳು ಕಡಿಮೆಯೇನಿಲ್ಲ. ಹಳ್ಳಿಗಳ ಹಾಲು, ತರಕಾರಿ, ಬತ್ತದ ಹುಲ್ಲು, ಕೂಲಿಯಾಳು, ಕಾಲೇಜಿಗೆ ಹೋಗುವ ಮಕ್ಕಳು ಎಲ್ಲವೂ ಬೆಳಗ್ಗೆ ಪಶ್ಚಿಮಕ್ಕೆ ಹರಿಯುತ್ತವೆ.

ಹರಿಯುವುದರಲ್ಲಿ ನೀರೂ ಒಂದು. ಮುರಬಾಡದ ದಕ್ಷಿಣದಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ಮಂಡಳಿಯು ಕಟ್ಟಿದ ಬಾರವಿ ಅಣೆಕಟ್ಟಿನ ನೀರು ಕಾರ್ಖಾನೆಗಳಿಗೂ ಕಲ್ಯಾಣ-ಡೊಂಬಿವಲಿ ಮೊದಲಾದ ನಗರಗಳಿಗೂ ಹೋಗುತ್ತದೆ. ಅಣೆಕಟ್ಟನ್ನು ಎತ್ತರಿಸಿದಂತೆಲ್ಲ ಆದಿವಾಸಿಗಳ ಮನೆ ಹೊಲಗಳು ಮುಳುಗಿದವು. ಮಳೆಗಾಲದಲ್ಲಿ ಸಾವಿರಾರು ಮಿಲಿಮೀಟರು ಮಳೆ ಸುರಿಯುವ ಇದೇ ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ ಬೇಸಗೆಯಲ್ಲಿ ಟ್ಯಾಂಕರಿನಿಂದ ನೀರು ತರಿಸಬೇಕಾಗುತ್ತದೆ, ಆ ಟ್ಯಾಂಕರು ಬರುವುದೂ ರಸ್ತೆಯಿರುವ ಕಡೆಗೆ ಮಾತ್ರ. ಮಾಳಶೇಜದ ತಪ್ಪಲಿನಲ್ಲಿ ಕಾಳು ನದಿಗೆ ಮುಂಬಯಿ ಮಹಾನಗರ ಪ್ರದೇಶಕ್ಕಾಗಿ ಇನ್ನೊಂದು ಅಣೆಕಟ್ಟು ಕಟ್ಟುವ ಕೆಲಸ ಆರಂಭವಾಗಿ, ಅರಣ್ಯದ ಅನುಮತಿಯಿಲ್ಲದ ಕಾರಣ 2012ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅದನ್ನು ನಿಲ್ಲಿಸಿತು. ಆ ಮೊಕದ್ದಮೆಯನ್ನು ಹೂಡಿದವರು ಹಳ್ಳಿಗರ ಪರವಾಗಿ ನಿಂತ ಶ್ರಮಿಕ ಮುಕ್ತಿ ಸಂಘಟನೆಯವರು. ನಗರಕ್ಕೆ ನೀರು ಬೇಡವೆಂದು ಯಾರೂ ಹೇಳಲಾರರು. ಕೊಡುವ ಊರಿಗೆ ಕುಡಿಯುವ ನೀರಿಲ್ಲದಿರುವುದನ್ನು ಮಾತ್ರ ಯಾವ ಯೋಜನೆಯ ಭಾಷೆಯೂ ಸಮರ್ಥಿಸಲಾರದು.

ಮಾಳಶೇಜದ ರಸ್ತೆಯ ಸಂಕಟ ಬೇರೆ ಬಗೆಯದು. ಸಹ್ಯಾದ್ರಿಯ ಈ ಭಾಗವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಪದರಪದರವಾಗಿ ಹೆಪ್ಪುಗಟ್ಟಿ ಆದ ಕಪ್ಪುಕಲ್ಲು. ಗಟ್ಟಿಯಾದ ಪದರಗಳ ನಡುನಡುವೆ ಮೆತುವಾದ ಪದರಗಳಿವೆ. ಮಳೆಯ ನೀರು ಬಿರುಕುಗಳಲ್ಲಿ ಇಳಿದು ಮೆತುಪದರವನ್ನು ಕೊರೆಯುತ್ತದೆ; ಆಸರೆ ತಪ್ಪಿದ ಮೇಲಣ ಬಂಡೆ ಕಳಚುತ್ತದೆ. ರಸ್ತೆಗಾಗಿ ಇಳಿಜಾರನ್ನು ಕಡಿದ ಕಡೆಯಲ್ಲಿ ಇದು ಇನ್ನೂ ಬೇಗ. ಆದುದರಿಂದ ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟದ ಸಂಚಾರ ನಿಲ್ಲುವುದು ಹೊಸದಲ್ಲ. ಜಲಪಾತಗಳನ್ನೂ ಮಂಜನ್ನೂ ನೋಡಲು ನಗರದವರು ಗುಂಪುಗುಂಪಾಗಿ ಬರುವ ಕಾಲವೂ ಅದೇ. ಹಳೆಯ ನಾಣೇಘಾಟವು ಈ ವಿಷಯದಲ್ಲಿ ಜಾಣತನದ್ದೆನ್ನಬೇಕು: ಅದು ಬೆಟ್ಟವನ್ನು ಅಡ್ಡಕ್ಕೆ ಕಡಿಯಲಿಲ್ಲ, ನೀರು ತಾನೇ ಮಾಡಿದ ಸೀಳಿನಲ್ಲಿ ಕಲ್ಲು ಹಾಸಿಕೊಂಡು ಹತ್ತಿತು.

ಘಟ್ಟ ಮುಚ್ಚಿದರೆ ನಗರದ ಲಾರಿಗಳಿಗೆ ಬೋರಘಾಟವಿದೆ, ಥಳಘಾಟವಿದೆ. ರಾಯತೆಯ ಸೇತುವೆಯ ಮಾತು ಹಾಗಲ್ಲ. ಉಲ್ಹಾಸ ನದಿಗೆ ದೊಡ್ಡ ಪೂರ ಬಂದಾಗ ಆ ಸೇತುವೆ ನೀರಿನಡಿ ಹೋಗುತ್ತದೆ. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿಗಳ ನಡುವೆ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿಕೊಂಡು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತಂದ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಕೊಲ್ಲಾಪುರದ ಗಾಡಿಯಾದುದರಿಂದ ಮುಂಬಯಿಯ ಕನ್ನಡಿಗರೂ ಆ ದಿನ ಕಳವಳಗೊಂಡಿರಬೇಕು. ಅದು ಇದೇ ಉಲ್ಹಾಸ ನದಿಯ ಪೂರ. ಅದೇ ನೀರು ಕೆಳಗಿಳಿದು ರಾಯತೆಯ ಮೇಲೆ ಹಾದುಹೋಗುತ್ತದೆ. ಆಗ ಮುರಬಾಡದ ಕಡೆಯ ಹಾಲು ಹಳ್ಳಿಯಲ್ಲಿಯೇ ಉಳಿಯುತ್ತದೆ, ಕಾರ್ಖಾನೆಯ ಪಾಳಿಗೆ ಹೋದವರು ಕಲ್ಯಾಣದಲ್ಲಿಯೇ ಉಳಿಯುತ್ತಾರೆ. ಟೋಕಾವಡೆಯ ಆಚೆಯ ಪಾಡೆಗಳಿಂದ ಹೆರಿಗೆಗೆಂದು ಹೊರಟವಳು ಮುರಬಾಡದ ಆಸ್ಪತ್ರೆಯಲ್ಲಿ ಆಗದೆಂದರೆ ಹೋಗಬೇಕಾದುದು ಉಲ್ಹಾಸನಗರದ ಸರ್ಕಾರಿ ಆಸ್ಪತ್ರೆಗೆ, ಎಂದರೆ ರಾಯತೆಯ ಆಚೆಗೆ. ಬಾರವಿಯ ಬದಿಯಿಂದ ಬದಲಾಪುರಕ್ಕೆ ಸುತ್ತುದಾರಿಯೊಂದಿದೆ; ಆ ಬದಲಾಪುರವೂ ಉಲ್ಹಾಸ ನದಿಯ ದಡದ ಮೇಲೆಯೇ ಇದೆ.